ಎಲೆಗೂ ಮೈಗೂ ಒಂದೇ ಬೆಳಕು ಏಕೆ?

ಎಲೆಯಂಚು (ಪ್ರಶ್ನೆ)

ನಾನು ಸಸ್ಯಶಾಸ್ತ್ರ ಕಲಿಸುವವಳು. ಭೌತಶಾಸ್ತ್ರದ ಜೊತೆಗಿನ ನಂಟು ಬಹಳ ಹಿಂದೆಯೇ ಕಡಿದುಹೋಗಿದೆ. ಹಾಗಾಗಿ ನನಗೆ ಸೂತ್ರ ಬೇಡ, ಕಾರಣ ಬೇಕು.

ತರಗತಿಗೆಂದು ನ್ಯಾನೊ ಕಣಗಳ ಬಗ್ಗೆ ಓದುತ್ತಿದ್ದೆ. 2016ರಲ್ಲಿ ಅಮೆರಿಕದ ಎಂಐಟಿಯ ಮೈಕೆಲ್ ಸ್ಟ್ರಾನೊ ಅವರ ತಂಡ ಪಾಲಕ್ ಎಲೆಯೊಳಗೆ ಕಾರ್ಬನ್ ನ್ಯಾನೊನಳಿಕೆಗಳನ್ನು (ಇಂಗಾಲದ ಅತಿ ಸಣ್ಣ ಕೊಳವೆಗಳನ್ನು) ಸೇರಿಸಿತು. ಬೇರು ಹೀರಿದ ನೀರಿನಲ್ಲಿ ಪಿಕ್ರಿಕ್ ಆಮ್ಲದಂತಹ ಸ್ಫೋಟಕ ವಸ್ತು ಇದ್ದರೆ ಆ ನಳಿಕೆಗಳ ಹೊಳಪು ಕುಗ್ಗುತ್ತದೆ, ಅದನ್ನು ಕ್ಯಾಮೆರಾ ಹಿಡಿಯುತ್ತದೆ. 2020ರಲ್ಲಿ ಅದೇ ತಂಡ, ಎಲೆಗೆ ಗಾಯವಾದಾಗ ಹೊರಡುವ ಹೈಡ್ರೋಜನ್ ಪೆರಾಕ್ಸೈಡ್ ಅಲೆಯನ್ನು ಇದೇ ಬಗೆಯ ನಳಿಕೆಗಳಿಂದ ನೋಡಿತು. ಇನ್ನೊಂದು ಕಡೆ, ಪ್ರಾಸ್ಟೇಟ್ ಗಡ್ಡೆಯನ್ನು ಚಿನ್ನದ ಹೊದಿಕೆಯ ನ್ಯಾನೊ ಕಣಗಳಿಂದ ಕಾಯಿಸಿ ಸುಡುವ ಚಿಕಿತ್ಸೆಯ ಮೊದಲ ಫಲಿತಾಂಶಗಳು 2019ರಲ್ಲಿ ಬಂದವು.

ಎರಡೂ ಕಡೆ ಬಳಸಿರುವುದು ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು, ಅದರಲ್ಲೂ ಕೆಂಪಿಗೆ ತಾಗಿಕೊಂಡಿರುವ ಭಾಗವನ್ನು. ಪಾಲಕ್ ಸೊಪ್ಪಿಗೂ ಮನುಷ್ಯನ ಗಡ್ಡೆಗೂ ಒಂದೇ ಬೆಳಕು ಹೊಂದುವುದೇಕೆ? ಎಲ್ಲರೂ "ಜೈವಿಕ ಕಿಟಕಿ" ಎಂದು ಬರೆದು ಮುಂದಿನ ಪ್ಯಾರಾಕ್ಕೆ ಜಿಗಿಯುತ್ತಾರೆ. ನನ್ನ ವಿದ್ಯಾರ್ಥಿಗಳು ಹಾಗೆ ಜಿಗಿಯಲು ಬಿಡುವವರಲ್ಲ.

ಬೆಳಕಿನಮೇಜು

ನನ್ನ ಹೊಟ್ಟೆಪಾಡೇ ಲೇಸರ್ ಮತ್ತು ಮಸೂರ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆ ಕಿಟಕಿಯನ್ನು ಯಾರೂ ತೆರೆದಿಲ್ಲ. ಒಂದು ಕಡೆಯ ಹೀರುಕರು (ಬೆಳಕನ್ನು ಹೀರುವ ವಸ್ತುಗಳು) ದಣಿದು, ಇನ್ನೊಂದು ಕಡೆಯ ಹೀರುಕರು ಇನ್ನೂ ಕೆಲಸ ಶುರುಮಾಡದ ನಡುವಿನ ತರಂಗಾಂತರಗಳ ಜಾಗ ಅದು, ಅಷ್ಟೆ.

ಮೊದಲ ಹೀರುಕ ರಕ್ತದಲ್ಲಿ ಹಿಮೋಗ್ಲೋಬಿನ್, ಎಲೆಯಲ್ಲಿ ಪತ್ರಹರಿತ್ತು. ನೀವೇ ಪಾಠ ಮಾಡಿರುತ್ತೀರಿ: ಎರಡರಲ್ಲೂ ನಾಲ್ಕು ಸಾರಜನಕಗಳು ಸುತ್ತುಗಟ್ಟಿದ ಹತ್ತಿರದ ಸಂಬಂಧದ ಉಂಗುರವಿದೆ. ಒಂದರ ಮಧ್ಯದಲ್ಲಿ ಕಬ್ಬಿಣ, ಇನ್ನೊಂದರ ಮಧ್ಯದಲ್ಲಿ ಮೆಗ್ನೀಸಿಯಮ್. ಇಂತಹ ಉಂಗುರದಲ್ಲಿ ಇಲೆಕ್ಟ್ರಾನುಗಳು ಒಂದು ಬಂಧಕ್ಕೆ ಅಂಟಿಕೊಳ್ಳದೆ ಸುತ್ತಲೂ ಹರಡಿರುತ್ತವೆ. ಅವನ್ನು ಮೇಲಿನ ಮಟ್ಟಕ್ಕೆ ಎತ್ತಲು ಕಣ್ಣಿಗೆ ಕಾಣುವ ಬೆಳಕಿನಷ್ಟು ಶಕ್ತಿ ಸಾಕು. ಆದ್ದರಿಂದಲೇ ರಕ್ತಕ್ಕೂ ಎಲೆಗೂ ಅಷ್ಟು ಗಾಢ ಬಣ್ಣ. ತರಂಗಾಂತರ 700 ನ್ಯಾನೊಮೀಟರ್ ದಾಟಿದ ಮೇಲೆ ಬೆಳಕಿನ ಪ್ರತಿ ಫೋಟಾನಿನ ಶಕ್ತಿ ಆ ಎತ್ತರಕ್ಕೆ ಎಟುಕುವುದಿಲ್ಲ. ಎಲೆಯಲ್ಲಿ ಹೀರಿಕೆ ಅಲ್ಲಿ ಧಡಕ್ಕನೆ ಬೀಳುತ್ತದೆ. ರಕ್ತದಲ್ಲಿ ಅಷ್ಟು ಥಟ್ಟನೆ ಅಲ್ಲ, ಆದರೆ ಬೀಳುತ್ತದೆ.

ಎರಡನೆಯ ಹೀರುಕ ನೀರು. ಅದು 970 ನ್ಯಾನೊಮೀಟರ್ ಬಳಿ ಸಣ್ಣಗೆ ಗೊಣಗಿ, 1450ರ ಬಳಿ ಬಾಗಿಲು ಹಾಕುತ್ತದೆ. ಎಲೆಯೂ ಮೈಯೂ ಬಹುಪಾಲು ನೀರೇ ಆಗಿರುವುದರಿಂದ ಆ ಗಡಿಯೂ ಇಬ್ಬರಿಗೂ ಒಂದೇ.

ಇನ್ನು ನ್ಯಾನೊ ಕಣಗಳ ವಿಷಯ. ಹತ್ತಿಪ್ಪತ್ತು ನ್ಯಾನೊಮೀಟರಿನ ಗಟ್ಟಿ ಚಿನ್ನದ ಗುಂಡು 520ರ ಸುಮಾರಿನ ಹಸಿರು ಬೆಳಕನ್ನು ನುಂಗಿ ಕೆಂಪಾಗಿ ಕಾಣುತ್ತದೆ. (ಗರ್ಭಧಾರಣೆಯ ಪರೀಕ್ಷಾ ಪಟ್ಟಿಯ ಮೇಲಿನ ಕೆಂಪು ಗೆರೆ ಬಹಳ ಸಲ ಇದೇ ಚಿನ್ನ. ಮೈಕೆಲ್ ಫ್ಯಾರಡೆ 1857ರಲ್ಲೇ ಚಿನ್ನದ ಇಂತಹ ಕೆಂಪು ದ್ರಾವಣಗಳ ಬಗ್ಗೆ ಬರೆದಿದ್ದರು.) ಪಟ್ಟಿಯ ಮೇಲೆ ಅದು ಸೊಗಸು. ಮೈಯೊಳಗೆ ಮಾತ್ರ ದಂಡ, ಏಕೆಂದರೆ ಆ ಬೆಳಕನ್ನು ಕಣ ತಲುಪುವ ಮೊದಲೇ ರಕ್ತ ಕುಡಿದುಬಿಟ್ಟಿರುತ್ತದೆ. ಅದಕ್ಕೇ ಒಳಗೆ ಸಿಲಿಕಾ ತಿರುಳು ಇಟ್ಟು, ಮೇಲೆ ಚಿನ್ನವನ್ನು ತೆಳ್ಳಗೆ ಹೊದಿಸುತ್ತಾರೆ. ಹೊದಿಕೆ ತೆಳುವಾದಷ್ಟೂ ಹೀರಿಕೆ ಕೆಂಪಿನಾಚೆಗೆ ಸರಿಯುತ್ತದೆ. ಹೀಗೆ ಅದನ್ನು 800ರ ಆಸುಪಾಸಿಗೆ ತಂದು ನಿಲ್ಲಿಸಬಹುದು. ವಸ್ತು ಬದಲಾಗಲಿಲ್ಲ, ಆಕಾರ ಬದಲಾಯಿತು, ಬಣ್ಣವೇ ಬೇರೆಯಾಯಿತು. ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿರುವುದು ಇದೇ.

ನ್ಯಾನೊನಳಿಕೆಯ ಕಥೆಯೂ ಹತ್ತಿರ ಹತ್ತಿರ ಇದೇ. ಸುಮಾರು ಒಂದು ನ್ಯಾನೊಮೀಟರ್ ವ್ಯಾಸದ ಈ ನಳಿಕೆಗಳಲ್ಲಿ, ಯಾವ ಬೆಳಕು ಹೊರಡಬೇಕೆಂಬುದನ್ನು ವ್ಯಾಸ ಮತ್ತು ಸುತ್ತಿಕೊಂಡ ರೀತಿ ನಿರ್ಧರಿಸುತ್ತವೆ. ಅವು ಹೊಳೆಯುವುದು 900ರ ಆಚೆ. ಪತ್ರಹರಿತ್ತಿಗೆ ತನ್ನದೇ ಕೆಂಪು ಪ್ರತಿದೀಪ್ತಿ (ಬೆಳಕು ಹೀರಿ ಮತ್ತೆ ಹೊರಸೂಸುವ ಹೊಳಪು) ಇದೆ, 685 ಮತ್ತು 740ರ ಬಳಿ. ಎಲೆಯೊಳಗೆ ಮಾಮೂಲಿ ಕೆಂಪು ಬಣ್ಣಕಾರಕ ಬಳಸಿದವರಿಗೆ ಆ ತಲೆನೋವು ಗೊತ್ತು: ಯಾವುದು ತಮ್ಮ ಸಂಕೇತ, ಯಾವುದು ಎಲೆಯ ಗದ್ದಲ ಎಂದು ಬಿಡಿಸುವುದೇ ಕಷ್ಟ. ನಳಿಕೆಗಳ ಹೊಳಪು ಆ ಗದ್ದಲದಿಂದ ದೂರ ಇದೆ.

ನಾರುಬೇರು

ಮೇಲಿನವರು ಹೀರಿಕೆಯನ್ನಷ್ಟೇ ಹೇಳಿದರು. ಎಲೆಯೊಳಗೆ ಇಣುಕುವ ನಮ್ಮಂಥವರನ್ನು ಕಾಡುವುದು ಚದುರುವಿಕೆ. ಅವಕೆಂಪಿನಲ್ಲಿ ಎಲೆ ಹೆಚ್ಚೇನೂ ಹೀರುವುದಿಲ್ಲ ಎಂದರೆ ನೇರವಾಗಿ ದಾಟಿಸುತ್ತದೆ ಎಂದಲ್ಲ. ಸುಮಾರು ಅರ್ಧ ಬೆಳಕು ಹಿಂದಕ್ಕೆ ಬರುತ್ತದೆ, ಉಳಿದದ್ದರಲ್ಲಿ ಬಹುಪಾಲು ಚದುರಿ ಆಚೆ ಹೋಗುತ್ತದೆ. ಕಾರಣ, ಕೋಶಗಳ ನಡುವಿನ ಗಾಳಿ. ಒದ್ದೆ ಕೋಶಭಿತ್ತಿ ಮತ್ತು ಗಾಳಿ ಸೇರುವ ಪ್ರತಿ ಅಂಚಿನಲ್ಲೂ ಬೆಳಕು ಬಾಗುತ್ತದೆ.

ಗಾಳಿಯ ಜಾಗಕ್ಕೆ ನೀರು ತುಂಬಿದರೆ ಎಲೆ ಪಾರದರ್ಶಕತೆಯ ಕಡೆಗೆ ವಾಲುತ್ತದೆ, ಆದರೆ ಅನಿಲಗಳ ಓಡಾಟ ನಿಧಾನವಾಗಿ ಉಸಿರುಗಟ್ಟುತ್ತದೆ. 2010ರಲ್ಲಿ ಪರ್‌ಫ್ಲೂರೊಡೆಕಾಲಿನ್ ಎಂಬ ದ್ರವವನ್ನು ಇದಕ್ಕೆ ಬಳಸಿ ತೋರಿಸಿದರು. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.31, ನೀರಿನ 1.33ಕ್ಕೆ ಹತ್ತಿರ. ಅಕ್ಕಪಕ್ಕದ ವಸ್ತುಗಳ ಸೂಚ್ಯಂಕಗಳು ಹತ್ತಿರವಾದಷ್ಟೂ ಬೆಳಕು ಚದುರುವುದು ಕಡಿಮೆ. ಆಮ್ಲಜನಕವೂ ಇಂಗಾಲದ ಡೈಆಕ್ಸೈಡೂ ಅದರಲ್ಲಿ ಧಾರಾಳವಾಗಿ ಕರಗುತ್ತವೆ. ಎಲೆ ಬದುಕಿರುವಾಗಲೇ ಇನ್ನಷ್ಟು ಆಳಕ್ಕೆ ನೋಡಬಹುದಾಯಿತು.

2024ರ ಸೆಪ್ಟೆಂಬರ್‌ನಲ್ಲಿ ಸುದ್ದಿಯಾದ ಇಲಿಯ ಪ್ರಯೋಗವೂ ಇದೇ ಜಾತಿಯದು. ಟಾರ್ಟ್ರಾಜಿನ್ ಎಂಬ ಹಳದಿ ಆಹಾರ ಬಣ್ಣವನ್ನು ಚರ್ಮಕ್ಕೆ ಹಚ್ಚಿದಾಗ ಒಳಗಿನ ಅಂಗಗಳು ಕಂಡವು, ತೊಳೆದಾಗ ಚರ್ಮ ಮೊದಲಿನಂತಾಯಿತು. ಆ ಬಣ್ಣ ನೀಲಿಯನ್ನು ಬಲವಾಗಿ ಹೀರುತ್ತದೆ. ಅದರ ಫಲವಾಗಿ ಕೆಂಪು ಬೆಳಕಿನ ಮಟ್ಟಿಗೆ ನೀರಿನ ವಕ್ರೀಭವನ ಸೂಚ್ಯಂಕ ಏರಿ ಕೊಬ್ಬಿನಂಶದ ಸೂಚ್ಯಂಕಕ್ಕೆ ಹತ್ತಿರವಾಗುತ್ತದೆ. ಬೆಳಕನ್ನು ಹೀರುವ ವಸ್ತುವನ್ನು ಸೇರಿಸಿ ಪಾರದರ್ಶಕತೆ ಗಳಿಸುವುದು! ಮೊದಲ ಸಲ ಓದಿದಾಗ ಅಚ್ಚಿನ ತಪ್ಪೇನೋ ಎನಿಸಿತ್ತು.

ನಾಡಿಮಿಡಿತ

ಆಸ್ಪತ್ರೆಯ ಕಡೆಯಿಂದ ಸ್ವಲ್ಪ ತಣ್ಣೀರು. ಪ್ರಾಸ್ಟೇಟ್ ಪ್ರಯೋಗ ಬಹಳ ಸಣ್ಣದು, ಅದರಲ್ಲಿ ಲೇಸರ್ ಚರ್ಮದ ಹೊರಗಿನಿಂದ ಹೋದದ್ದೂ ಅಲ್ಲ. ಬೆಳಕು ಸಾಗಿಸುವ ತಂತುವನ್ನು ಗಡ್ಡೆಯ ಬಳಿಗೇ ತೂರಿಸಿದರು. ಅವಕೆಂಪಿನಲ್ಲಿ ಮೈ ಗಾಜಾಗುತ್ತದೆ ಎಂದು ವಿದ್ಯಾರ್ಥಿಗಳು ತಿಳಿಯದಿರಲಿ. ಟಾರ್ಟ್ರಾಜಿನ್ ಪ್ರಯೋಗವೂ ಇಲಿಯ ತೆಳು ಚರ್ಮದ್ದು, ಯಾರೂ ಮನೆಯಲ್ಲಿ ಮೈಗೆ ಹಚ್ಚಿಕೊಳ್ಳಬಾರದು.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ನಿಮಗೆ ಹೆಚ್ಚು ನಂಬಿಕಸ್ಥ ಉದಾಹರಣೆ. ಅದು 660 ಮತ್ತು 940ರ ಎರಡು ಬೆಳಕುಗಳನ್ನು ಹಾಯಿಸಿ ಹೋಲಿಸುತ್ತದೆ. ಅಲ್ಲೂ ಒಂದು ತೊಡಕಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಹೀರುಕವೇ. ಅಮೆರಿಕದ ರೋಗಿಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಮ್ಲಜನಕ ಕುಸಿದಿರುವುದು ಆಕ್ಸಿಮೀಟರಿಗೆ ಕಾಣದೇ ಹೋದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿದ್ದವು. ಇದನ್ನು ದಯವಿಟ್ಟು ಪಾಠದಲ್ಲಿ ಸೇರಿಸಿ.

ಎಲೆಯಂಚು

ಮೂವರಿಗೂ ಕೃತಜ್ಞತೆ. ಆಕ್ಸಿಮೀಟರ್ ಖಂಡಿತ ಸೇರಿಸುತ್ತೇನೆ. ಇನ್ನೊಂದೇ ಪ್ರಶ್ನೆ: ನ್ಯಾನೊನಳಿಕೆ ನಮ್ಮ ಕೈಗೆ ಸಿಗುವುದಿಲ್ಲ. ತರಗತಿಯಲ್ಲಿ ಕಣ್ಣಾರೆ ತೋರಿಸಬಹುದಾದದ್ದು ಏನಾದರೂ ಇದೆಯೇ?

ಬೆಳಕಿನಮೇಜು

ಟಿವಿ ರಿಮೋಟ್ ಸಾಕು. ಬಹುತೇಕ ರಿಮೋಟುಗಳ ದೀಪ 940ರ ಸುಮಾರಿನದು. ಮೊಬೈಲಿನ ಮುಂಬದಿಯ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿದರೆ ಪರದೆಯ ಮೇಲೆ ನಸುನೇರಳೆ ಚುಕ್ಕೆ ಕಾಣುತ್ತದೆ (ಹಿಂಬದಿಯ ಕ್ಯಾಮೆರಾಗಳಲ್ಲಿ ಅವಕೆಂಪನ್ನು ತಡೆಯುವ ಶೋಧಕ ಸಾಮಾನ್ಯವಾಗಿ ಬಲವಾಗಿರುತ್ತದೆ). ಈಗ ನಡುವೆ ಒಂದೆರಡು ಎಲೆ ಹಿಡಿಯಿರಿ. ಚುಕ್ಕೆ ಮಸುಕಾಗಿ ಹರಡುತ್ತದೆ, ಆದರೆ ಉಳಿಯುತ್ತದೆ. ಅಷ್ಟೇ ಮಂಕಾದ ಕೆಂಪು ಎಲ್ಇಡಿಯನ್ನು ಅದೇ ಎಲೆಗಳ ಹಿಂದೆ ಇಟ್ಟರೆ ಕಾಣೆಯಾಗುತ್ತದೆ. ಕತ್ತಲೆ ಕೋಣೆಯಲ್ಲಿ ಮಾಡಿ.

ನಾರುಬೇರು

ಚದುರುವಿಕೆಗೆ ಸೂಜಿಯಿಲ್ಲದ ಸಿರಿಂಜ್ ಸಾಕು. ನೀರು ತುಂಬಿ, ಎಲೆಯ ಅಡಿಭಾಗಕ್ಕೆ ಒತ್ತಿಹಿಡಿದು ಮೆಲ್ಲಗೆ ತಳ್ಳಿ. ನೀರು ಪತ್ರರಂಧ್ರಗಳ ಮೂಲಕ ಒಳಹೊಕ್ಕ ಜಾಗ ಕೂಡಲೇ ಗಾಢವಾಗಿ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿ ಕಾಣುತ್ತದೆ. ಪಾಲಕ್‌ನಂತಹ ಮೃದು ಎಲೆ ಆರಿಸಿಕೊಳ್ಳಿ, ದಪ್ಪ ಮೇಣದ ಎಲೆಯಾದರೆ ನೀರು ಅಂಗಿಗೆ ಸಿಡಿಯುತ್ತದೆ. ಸ್ಟ್ರಾನೊ ತಂಡ ಪಾಲಕ್ ಎಲೆಗೆ ನಳಿಕೆಗಳನ್ನು ಸೇರಿಸಿದ್ದೂ ಹೀಗೆ ಎಲೆಯ ಅಡಿಭಾಗದಿಂದಲೇ.