ಹಿಮೋಗ್ಲೋಬಿನ್ ಪಾಠಕ್ಕೆ ಸಂಧಿಯ ‘ಆದೇಶ’ ಒಗ್ಗೀತೇ?

ಎಲ್ಲರಿಗೂ ನಮಸ್ಕಾರ.

ಸಿಂಧನೂರಿನಲ್ಲಿ ಪದವಿ ತರಗತಿಗೆ ಜೀವಶಾಸ್ತ್ರ ಕಲಿಸುತ್ತೇನೆ. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್ ಆದ ಹಿಮೋಗ್ಲೋಬಿನ್ ಕುರಿತ ಪಾಠವನ್ನು ಕನ್ನಡದಲ್ಲಿ ಬರೆಯಲು ಕೂತು, ಒಂದೇ ಪದಕ್ಕೆ ಎರಡು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ. ಪ್ರೋಟೀನಿನ ಸರಪಳಿಯಲ್ಲಿ ಒಂದು ಅಮೈನೋ ಆಮ್ಲ, ಅಂದರೆ ಸರಪಳಿಯ ಒಂದು ಕೊಂಡಿ, ಹೋಗಿ ಆ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದಲ್ಲ, ಆ ‘ಸಬ್‌ಸ್ಟಿಟ್ಯೂಶನ್’ಗೆ ಏನನ್ನೋಣ?

ಕೈಗೆ ಸಿಕ್ಕ ಹಳೇ ಟಿಪ್ಪಣಿಯೊಂದರಲ್ಲಿ ‘ಸ್ಥಾನಪಲ್ಲಟ’ ಅಂತಿತ್ತು. ಮನಸ್ಸಿಗೆ ಹಿಡಿಸಲಿಲ್ಲ. ಪಲ್ಲಟ ಅಂದರೆ ಇದ್ದವರೇ ಅತ್ತಿತ್ತ ಆದ ಹಾಗೆ. ಇಲ್ಲಿ ಹಳಬ ಪೂರಾ ಹೊರಗೆ. ಸುಮ್ನೆ ‘ಮ್ಯುಟೇಶನ್’ ಅನ್ನೋಣ ಎಂದರೆ ಅದು ಡಿಎನ್‌ಎಯಲ್ಲಿ ಆಗುವಂಥದ್ದು, ಪ್ರೋಟೀನಿನಲ್ಲಿ ಕಾಣುವುದು ಅದರ ಫಲ. ಸಾಲದ್ದಕ್ಕೆ, “ಪಹಣಿ ಮ್ಯುಟೇಶನ್ ಏನ್ರಿ ಸರ್?” ಅಂತ ಒಬ್ಬ ಹುಡುಗ ಕೇಳಿಯೇ ಬಿಟ್ಟ. ಹೊಲ ಇರುವವರ ಮಕ್ಕಳು, ತಪ್ಪೇನಿಲ್ಲ.

ಆಗ ಸಂಧಿ ಪಾಠ ನೆನಪಾಯಿತು. ಸರಪಳಿಯಿಂದ ಒಂದು ಆಮ್ಲ ಬಿದ್ದುಹೋದರೆ ಲೋಪ. ಹೊಸದು ನುಸುಳಿದರೆ ಆಗಮ. ಒಂದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ, ‘ಮಳೆಗಾಲ’ದಲ್ಲಿ ಕಕಾರಕ್ಕೆ ಗಕಾರ ಬಂದ ಹಾಗೆ. ಮೂರೂ ಹೈಸ್ಕೂಲಿನಲ್ಲೇ ಬಾಯಿಪಾಠ ಆಗಿರುತ್ತವೆ.

ಆದರೂ ಅಳುಕು. ಮಳೆಗಾಲ ಅಂದರೆ ಅರ್ಥವೇನೂ ಕೆಡುವುದಿಲ್ಲ. ಹಿಮೋಗ್ಲೋಬಿನ್‌ನಲ್ಲಿ ಎಷ್ಟೋ ಸಲ ಹಾಗೇ ಏನೂ ಆಗುವುದಿಲ್ಲ, ಕೆಲವು ಸಲ ಎಲ್ಲವೂ ಕೆಡುತ್ತದೆ. ಅದರ ಸರಪಳಿಗಳಲ್ಲಿ ಬೀಟಾ ಅನ್ನುವುದೊಂದಿದೆ. ಆ ಬೀಟಾ ಸರಪಳಿಯ 146 ಆಮ್ಲಗಳಲ್ಲಿ 6ನೆಯದು ಗ್ಲುಟಾಮಿಕ್ ಆಮ್ಲ. ಅದಕ್ಕೆ ನೀರಿನ ಜೊತೆ ಸಲಿಗೆ. ಅಲ್ಲಿಗೆ ಬರುವ ವ್ಯಾಲೀನ್‌ಗೆ ನೀರು ಆಗಿಬರುವುದಿಲ್ಲ. ಹಿಮೋಗ್ಲೋಬಿನ್ ಆಮ್ಲಜನಕ ಇಳಿಸಿದ ಮೇಲೆ ಈ ವ್ಯಾಲೀನ್ ಪಕ್ಕದ ಹಿಮೋಗ್ಲೋಬಿನ್‌ನ ಸಂದಿಗೆ ತೂರಿಕೊಳ್ಳುತ್ತದೆ. ಹೀಗೆ ಒಂದಕ್ಕೊಂದು ಹೆಣೆದು ನಾರಾಗಿ, ರಕ್ತಕಣವೇ ಕುಡಗೋಲಿನ ಹಾಗೆ ಬಾಗುತ್ತದೆ. ಅದೇ ಕುಡಗೋಲು ಕಣದ ಕಾಯಿಲೆ (ಸಿಕಲ್ ಸೆಲ್). ವಿಜ್ಞಾನಿ ವರ್ನನ್ ಇಂಗ್ರಾಮ್ 1950ರ ದಶಕದಲ್ಲಿ ತೋರಿಸಿದ್ದು ಈ ಒಂದೇ ಬದಲಾವಣೆಯನ್ನು. ಅದೇ 6ನೇ ಜಾಗಕ್ಕೆ ಲೈಸೀನ್ ಬಂದರೆ ಕಣ ಕುಡಗೋಲಾಗುವುದಿಲ್ಲ, ಕಾಯಿಲೆಯೂ ಅಷ್ಟು ಜೋರಲ್ಲ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದು ತನ್ನೊಳಗಿನ ಕಬ್ಬಿಣದಿಂದ. ಆ ಕಬ್ಬಿಣದ ಹತ್ತಿರದ ಹಿಸ್ಟಿಡೀನ್ ಎಂಬ ಆಮ್ಲದ ಜಾಗದಲ್ಲಿ ಟೈರೋಸೀನ್ ಕೂತರೆ ಮಾತ್ರ ಆ ಕಬ್ಬಿಣ ಆಮ್ಲಜನಕವನ್ನು ಹಿಡಿಯದು, ಮೈ ನೀಲಿಗಟ್ಟುತ್ತದೆ. ಇಷ್ಟೆಲ್ಲ ಮಾಡುವುದಕ್ಕೆ ವ್ಯಾಕರಣದ ಸಾಧು ಪದ ಸಾಕಾಗುತ್ತದಾ?

ಇನ್ನೊಂದು ತಕರಾರು ನಗು ತರಿಸುವಂಥದ್ದು. ‘ಗ್ಲುಟಾಮಿಕ್ ಆಮ್ಲಕ್ಕೆ ವ್ಯಾಲೀನ್ ಆದೇಶ’ ಅಂತ ಬರೆದರೆ ಥೇಟ್ ವರ್ಗಾವಣೆ ಪತ್ರ. ನಮ್ಮ ಕನ್ನಡ ಮೇಡಂ ‘ಬದಲಿ’ ಸಾಕು ಅಂತಾರೆ. ಬದಲಿ ಮೇಷ್ಟ್ರು ಬಂದರೆ, ಹಳಬರು ರಜೆ ಮುಗಿಸಿ ವಾಪಸ್ ಬರುತ್ತಾರೆ ಅಲ್ವಾ? ಗ್ಲುಟಾಮಿಕ್ ಆಮ್ಲ ಬರುವುದಿಲ್ಲ.

ನನ್ನ ಒಲವು ‘ಆದೇಶ’ದ ಕಡೆಗೇ ಇದೆ. ‘ಗ್ಲುಟಾಮಿಕ್ ಆಮ್ಲಕ್ಕೆ ವ್ಯಾಲೀನ್ ಆದೇಶವಾಗಿ ಬಂದಿದೆ’ ಎಂಬ ವಾಕ್ಯ ನಿಮಗೆ ಓದಲು ಹೇಗನಿಸುತ್ತದೆ? ಇದಕ್ಕಿಂತ ಹಗುರಾದ ಹಳ್ಳಿ ಪದ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಸೋಮವಾರ ಟಿಪ್ಪಣಿ ಜೆರಾಕ್ಸ್‌ಗೆ ಹೋಗಬೇಕು.