ಫೈಬರ್ ಛಾವಣಿಯ ಕ್ಯಾಂಪರ್ ವ್ಯಾನಿಗೆ ರೇಡಿಯೊ ಆಂಟೆನಾ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕ್ಯಾಂಪರ್ ವ್ಯಾನಿನ ಎತ್ತರಿಸಿದ ಛಾವಣಿ ಫೈಬರ್‌ಗ್ಲಾಸಿನದು. ಅದರ ಮೇಲೆ ಕೂರಿಸಿರುವ ಗಿಡ್ಡ ಆಂಟೆನಾ ಊರು ದಾಟಿದೊಡನೆ ಎಫ್‌ಎಂ ಹಿಡಿಯುವುದಿಲ್ಲ. ಗಾಜಿಗೆ ಅಂಟಿಸುವ, ಆಂಪ್ಲಿಫೈಯರ್ ಇರುವ ಆಂಟೆನಾ ಹಾಕಿಸಿದರೆ ಸರಿಹೋಗುವುದೇ?

ಉತ್ತರ: ನಮಸ್ಕಾರ. ಅದಕ್ಕೆ ಹಣ ಹಾಕುವ ಮೊದಲು ಈಗಿನ ಆಂಟೆನಾದ ಬುಡವನ್ನು ಗಮನಿಸಬೇಕೆಂದು ಕೋರುತ್ತೇನೆ. ಎಫ್‌ಎಂ ಪ್ರಸಾರವು ಸಾಮಾನ್ಯವಾಗಿ 88ರಿಂದ 108 ಮೆಗಾಹರ್ಟ್ಸ್ ನಡುವೆ ಇರುತ್ತದೆ. 100 ಮೆಗಾಹರ್ಟ್ಸಿನಲ್ಲಿ ತರಂಗದ ಉದ್ದ 3 ಮೀಟರ್ ಆಗುವುದರಿಂದ, ಅದರ ಕಾಲುಭಾಗವಾದ ಸುಮಾರು 75 ಸೆಂಟಿಮೀಟರಿನ ಕಡ್ಡಿ ಗಿಡ್ಡ ಕಡ್ಡಿಗಿಂತ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಡ್ಡಿಯೆಂಬುದು ಆಂಟೆನಾದ ಅರ್ಧ ಮಾತ್ರ. ಉಳಿದರ್ಧ ಅದರ ಬುಡದ ಸುತ್ತ ಹರಡಿರುವ ಲೋಹದ ತಗಡು. ತಮ್ಮ ಛಾವಣಿಯಲ್ಲಿ ಆ ಅರ್ಧವೇ ಇಲ್ಲ. ಆಂಪ್ಲಿಫೈಯರ್ ದುರ್ಬಲ ಸಂಕೇತದ ಜೊತೆಗೆ ಗದ್ದಲವನ್ನೂ ಹಿಗ್ಗಿಸುತ್ತದೆಯೇ ಹೊರತು ಈ ಕೊರತೆಯನ್ನು ತುಂಬುವುದಿಲ್ಲ.

ಆಂಟೆನಾ ಕೂರಿಸಲು ನನ್ನ ಮೊದಲ ಆಯ್ಕೆ ಬಾನೆಟ್ ಪಕ್ಕದ ಉಕ್ಕಿನ ಮಡ್‌ಗಾರ್ಡ್. ಛಾವಣಿಯೇ ಬೇಕೆಂದಾದರೆ ಒಳಗಿನ ಹೊದಿಕೆಯ ಹಿಂದೆ ದೊಡ್ಡ ಅಲ್ಯೂಮಿನಿಯಂ ಹಾಳೆಯನ್ನಾಗಲಿ, ತಲಾ 75 ಸೆಂಟಿಮೀಟರಿನ ನಾಲ್ಕು ತಾಮ್ರದ ತಂತಿಗಳನ್ನಾಗಲಿ ಬುಡದಿಂದ ಸುತ್ತಲೂ ಹರಡಿ, ಆಂಟೆನಾದ ಅರ್ತ್ ಭಾಗಕ್ಕೆ (ಕೇಬಲಿನ ಹೊರಕವಚ ಸೇರುವ ಬುಡದ ಲೋಹಕ್ಕೆ) ಗಟ್ಟಿಯಾಗಿ ಸೇರಿಸಬೇಕು. ಉಕ್ಕಿನಲ್ಲಿ ರಂಧ್ರ ಕೊರೆದರೆ, ಬುಡ ತಾಗುವ ಕಡೆ ಒಳಮೈಯ ಬಣ್ಣವನ್ನು ಕೆರೆದು, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಹಚ್ಚಿ. ಮೇಲೆ ರಬ್ಬರ್ ವಾಷರ್ ಇರಲಿ. ಬಳಿಕ ಮಲ್ಟಿಮೀಟರಿನಲ್ಲಿ ಆಂಟೆನಾ ಕೇಬಲಿನ ಪ್ಲಗ್‌ನ ಹೊರಕವಚಕ್ಕೂ ವ್ಯಾನಿನ ಲೋಹದ ಚಾಸಿಗೂ ನಡುವಿನ ರೋಧ 1 ಓಮ್‌ಗಿಂತ ಕಡಿಮೆ ಇದೆಯೇ ನೋಡಿ. ಕೇಬಲ್ ಸಾಲದಿದ್ದರೆ ಟಿವಿ ಕೇಬಲ್ ಜೋಡಿಸಬೇಡಿ, ಎಎಂ ಕೇಳಿಸುವುದು ಕುಗ್ಗುತ್ತದೆ. ಕಾರ್ ರೇಡಿಯೊಗೆಂದೇ ಬರುವ ಎಕ್ಸ್‌ಟೆನ್ಶನ್ ಕೇಬಲ್ ಬಳಸಿ.

ಮರುಪ್ರಶ್ನೆ: ಧನ್ಯವಾದ ಸರ್. ಬಿಸಿಲಿದ್ದಾಗ ಮಾತ್ರ ಎಎಂನಲ್ಲಿ ಗರಗರ ಸದ್ದು ಬರುತ್ತದೆ. ಅದೂ ಬುಡದ ದೋಷವೇ?

ಉತ್ತರ: ಬಿಸಿಲಿಗೆ ತಕ್ಕಂತೆ ಬರುವ ಸದ್ದಾದ್ದರಿಂದ ಮೊದಲ ಅನುಮಾನ ಸೋಲಾರ್ ಚಾರ್ಜ್ ಕಂಟ್ರೋಲರ್ (ಸೋಲಾರ್ ಪ್ಯಾನೆಲ್ಲಿನಿಂದ ಬ್ಯಾಟರಿ ಚಾರ್ಜ್ ಆಗುವುದನ್ನು ನಿಯಂತ್ರಿಸುವ ಸಾಧನ) ಮೇಲೆ. ಪ್ಯಾನೆಲ್ಲನ್ನು ದಪ್ಪ ಬಟ್ಟೆಯಿಂದ ಮುಚ್ಚಿದಾಗ ಸದ್ದು ನಿಂತರೆ ಅನುಮಾನ ಖಚಿತವಾಗುತ್ತದೆ. ಆಮೇಲೆ ಬಟ್ಟೆ ತೆಗೆದು, ರೇಡಿಯೊದ ಹಿಂದಿನ ಆಂಟೆನಾ ಪ್ಲಗ್ ಕಳಚಿ ಕೇಳಿ. ಸದ್ದು ಉಳಿದರೆ ಅದು ವಿದ್ಯುತ್ ತಂತಿಯಿಂದ ಬರುತ್ತಿದೆ, ರೇಡಿಯೊದ ಪೂರೈಕೆಗೆ ಫಿಲ್ಟರ್ ಬೇಕು. ಸದ್ದು ಹೋದರೆ ಆಂಟೆನಾ ಅದನ್ನು ಹಿಡಿಯುತ್ತಿದೆ. ಆಗ ಕಂಟ್ರೋಲರಿನ ತಂತಿಗಳನ್ನು ಜೋಡಿಯಾಗಿ ಹೊಸೆದು, ಅವಕ್ಕೆ ಫೆರೈಟ್ ಕ್ಲಿಪ್ (ತಂತಿಯಲ್ಲಿನ ಗದ್ದಲ ತಗ್ಗಿಸುವ ಕಾಂತೀಯ ಬಿಲ್ಲೆ) ಹಾಕಿ, ಆಂಟೆನಾ ಕೇಬಲನ್ನು ಅವುಗಳಿಂದ ಆದಷ್ಟು ದೂರ ಸಾಗಿಸಿ.