ಅಪ್‌ಡೇಟ್: ನಮ್ಮ ಖಾನಾವಳಿಗೆ ಬಿದ್ದ ಒಂದು ನಕ್ಷತ್ರಗಳು
ಧಾರವಾಡದ ನಮ್ಮ ಖಾನಾವಳಿಗೆ ಗೂಗಲ್ ಮ್ಯಾಪ್ಸ್‌ನಲ್ಲಿ ಒಂದೇ ವಾರದಲ್ಲಿ ಏಳು ಜನ ಒಂದು ನಕ್ಷತ್ರ ಕೊಟ್ಟಿದ್ದಾರೆ, ಹೆಸರು ಉಳಿಸಿಕೊಳ್ಳುವುದು ಹೇಗೆ ಎಂದು ಹೋದ ತಿಂಗಳು ಕೇಳಿದ್ದೆ. ಮುಂದೆ ನಡೆದದ್ದು ಇದು.

ದುಡ್ಡು ಕೊಟ್ಟು ಐದು ನಕ್ಷತ್ರದ ವಿಮರ್ಶೆ ಬರೆಸಿ ಎಂದವರ ಮಾತು ಕೇಳಲಿಲ್ಲ. ಗೂಗಲ್ ನಿಯಮ ಅದನ್ನು ಒಪ್ಪುವುದಿಲ್ಲ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ತಂದ ಐಎಸ್ 19000 ಮಾನದಂಡವೂ ಕೊಂಡು ತಂದ ವಿಮರ್ಶೆ ಸಲ್ಲದು ಎನ್ನುತ್ತದೆ.

ಏಳರಲ್ಲಿ ನಾಲ್ಕು ನಮ್ಮ ಚಿಕನ್ ಬಿರಿಯಾನಿಯನ್ನು ಬೈದಿದ್ದವು. ನಮ್ಮದು ಶುದ್ಧ ಸಸ್ಯಾಹಾರ! ಅವುಗಳ ಮೇಲೆ ದೂರು ಕೊಟ್ಟೆ. ಎರಡು ಹೋದವು, ಎರಡು ಇನ್ನೂ ಕುಳಿತಿವೆ.

ಉಳಿದ ಮೂರು ಮಾತ್ರ ನಿಜ. ಆ ಭಾನುವಾರ ಎಣ್ಣೆಗಾಯಿ ಹಳಸಿತ್ತು, ಗೊತ್ತಿದ್ದೂ ಬಡಿಸಿದ್ದೆವು. ಮೊದಲು ಸಿಟ್ಟಿನಲ್ಲಿ ಬರೆದ ಉತ್ತರವನ್ನು ಮನೆಯವಳು ಅಳಿಸಿಸಿದಳು; ಪುಣ್ಯ. ಆಮೇಲೆ ತಪ್ಪೇನು, ಈಗ ಏನು ಬದಲಾಯಿಸಿದ್ದೇವೆ ಎಂದಷ್ಟೇ ನಾಲ್ಕು ಸಾಲು ಬರೆದೆ: ಪಲ್ಯ ಈಗ ಎರಡು ಹೊತ್ತಿಗೂ ಬೇರೆ ಬೇರೆ ಮಾಡುತ್ತೇವೆ. ಒಬ್ಬರು ಮತ್ತೆ ಬಂದು ಉಂಡು, ನಕ್ಷತ್ರವನ್ನು ಮೂರಕ್ಕೆ ಏರಿಸಿದ್ದಾರೆ. ನಾಲ್ಕು ಕೊಡಬಹುದಿತ್ತು, ಇರಲಿ.